ಒಂಬತ್ತನೆಯ ಪಾಠ: ಊರುಗಳು

ಮಂಗಳವಾರ ಸಂಜೆ ಆರೂವರೆ. ಬ್ರ್ಝೆತ್ಸ್ಲಾವ್ ಸ್ಟೇಷನ್ನಿನ
ಮೇಲಂತಸ್ತಿನಲ್ಲಿ ನಾವು ಏಳು ಜನ ರೈಲ್ವೆಯವರು
ಇಂಗ್ಲಿಷ್ ಕಲಿಯಲು ಕೂತಿದ್ದೇವೆ, ಇಲಾಖೆಯ ಆಜ್ಞೆ.
ಕೆಳಗೆ ಗೂಡ್ಸ್ ಗಾಡಿ ಹೋದಾಗಲೆಲ್ಲ
ಸೀಮೆಸುಣ್ಣದ ಡಬ್ಬಿ ತಾನೇ ನಡೆದು
ಮೇಜಿನ ಅಂಚಿಗೆ ಬರುತ್ತದೆ.

ಇಪ್ಪತ್ತೆಂಟು ವರ್ಷ ಈ ಕೈ
ವೀಡೆನ್ ಊರಿಗೆ ಟಿಕೆಟ್ ಹರಿದುಕೊಟ್ಟಿದೆ.
ಈಗ ಪುಸ್ತಕ ಹೇಳುತ್ತದೆ: ಅದು ವಿಯೆನ್ನಾ.
ಬೆನಾತ್ಕಿ ಅಲ್ಲ, ವೆನಿಸ್. ಮ್ನಿಖೋವ್ ಅಲ್ಲ, ಮ್ಯೂನಿಕ್.
ನಮ್ಮ ಪ್ರಾಹಾ ಕೂಡ ಬಾಲ ಕತ್ತರಿಸಿಕೊಂಡು
ಪ್ರಾಗ್ ಆಗಿ ನಿಂತಿದೆ,
ಕ್ಷೌರದಂಗಡಿಯಿಂದ ಆಗಷ್ಟೇ ಬಂದ ಹುಡುಗನ ಹಾಗೆ,
ಕಿವಿ ಎರಡೂ ಬೋಳು ಬೋಳು.

ಹಿಂದಿನ ಬೆಂಚಿನಿಂದ ಆಲೋಯ್ಸ್, ಬ್ರೇಕ್‌ಮನ್:
‘ವೆನಿಸ್ಸಿನವರು ಅದಕ್ಕೆ ಏನಂತಾರೆ?’
ವೆನೆತ್ಸಿಯಾ ಅಂತಾರೆ, ಎಂದಳು ಮೇಡಂ.
‘ಹಾಗಾದರೆ ಇಷ್ಟು ದಿನ ನಾವೂ ತಪ್ಪು. ಇನ್ನು ಮೇಲೆ
ಬೇರೆ ಥರ ತಪ್ಪು.’
ಕ್ಯಾಂಟೀನಿನ ಯಾರ್ಮಿಲಾ ನಕ್ಕು ನಕ್ಕು ಕೆಮ್ಮಿದಳು.

ನಾನು ನಗಲಿಲ್ಲ. ಅಟ್ಟದ ಮೇಲೆ
ಅಜ್ಜಿಯ ತಗಡಿನ ಪೆಟ್ಟಿಗೆಯ ಮುಚ್ಚಳದಲ್ಲಿ
ಲುಂಡೆನ್‌ಬುರ್ಗ್ ಎಂದು ಬರೆದಿದೆ. ಅದೂ ಇದೇ ಊರು.
ಆ ಹೆಸರು ಹಿಡಿದು ಕರೆದವರೆಲ್ಲ
ಯುದ್ಧ ಮುಗಿದ ಮೇಲೆ ಹೊರಟುಹೋದರು,
ಹೊರಡಿಸಲಾಯಿತು ಅನ್ನಬೇಕು.
ನೆರೆಮನೆಯ ಕೀಲಿಕೈ ಎಷ್ಟೋ ವರ್ಷ
ನಮ್ಮ ಮೊಳೆಗೇ ತೂಗುತ್ತಿತ್ತಂತೆ.
ಎರಡು ಹೆಸರಿಗೂ ಓ ಎನ್ನುತ್ತಿದ್ದ ಊರು
ಒಂದಕ್ಕೆ ಕಿವುಡಾಯಿತು.

‘ನಿಮ್ಮ ಊರಿಗೆ ಇಂಗ್ಲಿಷಿನಲ್ಲಿ ಏನು?’
ಪುಸ್ತಕದ ಕೊನೆಯ ಪ್ರಶ್ನೆ. ಏನೂ ಇಲ್ಲ.
ಹೆಸರು ಬದಲಿಸುವಷ್ಟು ದೊಡ್ಡವರಲ್ಲ ನಾವು, ಎಂದೆ.
ಮೇಡಂ ನೆರಿಸ್, ಇಪ್ಪತ್ತಾರರ ಹುಡುಗಿ,
ಕಾರ್ಡಿಫಿನವಳು. ಸ್ವಲ್ಪ ಹೊತ್ತು ಸುಮ್ಮನಿದ್ದು
ಹಲಗೆ ಒರೆಸಿ ಉದ್ದನೆಯದೊಂದು ಪದ ಬರೆದಳು:
ಕೈರ್‌ದೀದ್. ‘ನನ್ನ ಊರು. ಅಜ್ಜಿಯ ಬಾಯಲ್ಲಿ ಹೀಗೆ.
ನಾನೂ ಇಸ್ಕೂಲಿನಲ್ಲೇ ಕಾರ್ಡಿಫ್ ಕಲಿತದ್ದು.
ಪರೀಕ್ಷೆಗೆ ಇದು ಬರುವುದಿಲ್ಲ, ಬರೆದುಕೊಳ್ಳಬೇಡಿ.’
ಏಳೂ ಜನ ಬರೆದುಕೊಂಡೆವು.

ಆಮೇಲೆ ಅವಳ ಸರದಿ. ರಕಾರವನ್ನೂ ಝಕಾರವನ್ನೂ
ಒಂದೇ ಉಸಿರಿನಲ್ಲಿ ಬೆಸೆಯುವ ನಮ್ಮ ಆ ಅಕ್ಷರ,
ನಮ್ಮ ಮಕ್ಕಳಿಗೇ ಐದು ವರ್ಷಕ್ಕೆ ಮೊದಲು ಹೊರಳದ್ದು.
ಬ್ರೆ, ಎಂದಳು. ಬ್ಝೆ, ಎಂದಳು. ನಾಲಿಗೆ ಹಲ್ಲಿನ ಹತ್ತಿರ,
ಅಲ್ಲಲ್ಲ, ಇನ್ನೂ ಹಿಂದೆ, ಎಂದು ಆಲೋಯ್ಸ್
ಎದ್ದು ನಿಂತು ಬಾಯಿ ತೆರೆದು ತೋರಿಸಿದ.
ನಾಲ್ಕನೆಯ ಸಲ ಅವಳ ತುಟಿ ಅಲುಗುವಾಗ
ಕೆಳಗೆ ಗೂಡ್ಸ್ ಬಂತು, ನಲವತ್ತೆರಡು ಡಬ್ಬಿ.
ಹೇಳಿದಳೋ ಇಲ್ಲವೋ ಕೇಳಿಸಲಿಲ್ಲ.
ಸೀಮೆಸುಣ್ಣ ಮಾತ್ರ ಕೆಳಗೆ ಬಿದ್ದು
ಚೂರುಚೂರು.