ನಾಲ್ಕನೇ ಗೇಟು

ಕರೂರಿನ ನಮ್ಮ ಶೆಡ್ಡಿನ ಬಿಳಿ ಹಲಗೆಯ ಮೇಲೆ
ಐದು ಗೇಟು ಬರೆದು ಹೋದರು
ಪುಣೆಯಿಂದ ಬಂದ ಸಲಹೆಗಾರರು.
ಯೋಚನೆ, ಲೆಕ್ಕ, ಮಾದರಿ, ಪರೀಕ್ಷೆ, ಪೇಟೆ.
ಗೇಟಿಗೊಂದು ಸಹಿ.
ಸಹಿ ಬೀಳದೆ ಒಂದು ನಟ್ಟೂ ತಿರುಗಬಾರದು.

ಅದಕ್ಕೂ ಮೊದಲು ನಮಗಿದ್ದದ್ದು ಒಂದೇ ಗೇಟು:
ಮಾಲೀಕ ಹಾಲಸ್ವಾಮಿಯವರ ಹುಬ್ಬು.
ಅದು ಏರಿದರೆ ಕೆಲಸ ಬಂದ್,
ಇಳಿದರೆ ಕೊಟ್ರೇಶಿಯ ವೆಲ್ಡಿಂಗ್ ಶುರು.

ಹೊಸ ಸರಕು, ಹೊಗೆ ಬಾರದ ಮಂಡಕ್ಕಿ ಭಟ್ಟಿ.
ನಲವತ್ತಮೂರು ನಕ್ಷೆ ಗೀಚಿದವನು ನಾನು.
ಆಗಬಹುದಾದ ಕೇಡುಗಳ ಪಟ್ಟಿಯನ್ನೂ ನಾನೇ ಬರೆದೆ:
ತಗಡು ಬಾಗಬಹುದು, ಮೋಟಾರು ಸುಡಬಹುದು,
ಬ್ಯಾಂಕಿನವರು ಮನಸ್ಸು ಬದಲಿಸಬಹುದು.
ಮೂರು ಗೇಟು ಸಲೀಸಾಗಿ ದಾಟಿತು,
ಕಾಗದದ ಮೇಲೆ ಯಾವುದು ತಾನೇ ದಾಟುವುದಿಲ್ಲ.

ಬೆಳಗಿನ ನಾಲ್ಕಕ್ಕೆ ಟೆಂಪೋದಲ್ಲಿ ಹೇರಿಕೊಂಡು
ಆಜಾದ್ ನಗರದ ಓಣಿಯಲ್ಲಿ ಇಳಿಸಿದೆವು.
ಅಕ್ಕಪಕ್ಕದ ಭಟ್ಟಿಗಳಲ್ಲಿ ಹಳೆ ಟೈರು ಉರಿಯುತ್ತಿತ್ತು.
ನಮ್ಮ ಮೀಟರಿನ ಮುಳ್ಳು
ಹೇಳಿದ ಜಾಗದಲ್ಲೇ ನೆಟ್ಟಗೆ ನಿಂತಿತ್ತು.
ಶಂಶಾದ್‌ಬಿ ಮುಳ್ಳು ನೋಡಲಿಲ್ಲ.
ಒಂದು ಹಿಡಿ ಅಕ್ಕಿ ಎಸೆದು, ಕಿವಿ ವಾಲಿಸಿ,
ಸೆರಗಿನಲ್ಲಿ ಬಾಯಿ ಮುಚ್ಚಿ ತಾನೊಮ್ಮೆ ಕೆಮ್ಮಿ ಅಂದಳು:
'ಅಕ್ಕಿ ಕೆಮ್ಮಾಕತ್ತೈತಿ ಸಾರ್. ಅರಳವಲ್ದು.'

ಫಾರಮ್ಮಿನಲ್ಲಿ ಪಾಸು, ಫೇಲು, ತಿದ್ದುಪಡಿ.
ಕೆಮ್ಮಿಗೆ ಕಾಲಂ ಇಲ್ಲ.
ಷರಾದಲ್ಲಿ ಬರೆದು ಕಳಿಸಿದೆ.
ಪುಣೆಯಿಂದ ಫೋನು:
'ಯಾವ ಡಿಗ್ರಿಗೆ ಕೆಮ್ಮುತ್ತದೆ, ದಯವಿಟ್ಟು ನಮೂದಿಸಿ.'

ಆ ಸಂಜೆ ಕೊಟ್ರೇಶಿ ಗ್ರೀಸು ಮೆತ್ತಿದ ಬೆರಳಿನಿಂದ
ನಾಲ್ಕರಿಂದ ಒಂದಕ್ಕೆ
ಒಂದು ಬಾಣ ಎಳೆದ, ಸೊಟ್ಟಗೆ.
ಹಲಗೆಯ ಬಾಣಗಳೆಲ್ಲ ಬಲಕ್ಕೇ ಓಡುತ್ತಿದ್ದವು,
ಇದೊಂದು ಮನೆಗೆ ಹೊರಟ ಎತ್ತಿನಂತೆ.
ಸ್ಪಿರಿಟ್ ಹಾಕಿ ಉಜ್ಜಿದರೂ ಹೋಗಲಿಲ್ಲ.

ಮತ್ತೆ ಓಣಿಗೆ ಹೋದೆ, ಈ ಸಲ ಯಂತ್ರವಿಲ್ಲದೆ.
ಅವಳ ಬಾಂಡ್ಲಿಯ ಪಕ್ಕ ಕೂತು
ಮೂರು ದಿನ ಬರೀ ಕೇಳಿದೆ.
ನಾವು ತೊಳೆದು ಜರಡಿ ಹಿಡಿದು ತಂದದ್ದು ಹೊಸ ಉಸುಕು;
ಅವಳದು ಅತ್ತೆಯ ಕಾಲದ್ದು,
ಉಪ್ಪು ಕುಡಿದು, ಮಸಿ ಕುಡಿದು, ಎಳ್ಳಿನಷ್ಟು ಕರಿ.
'ಹಾಲಿಗೆ ಹೆಪ್ಪು ಬ್ಯಾಡೇನ್ರಿ?' ಎಂದು
ಒಂದು ಡಬ್ಬಿ ತುಂಬಿ ಕೊಟ್ಟಳು.

ಅಕ್ಕಿ ಅರಳಿತು.
ಹೊಗೆ ಇರಲಿಲ್ಲ. ಆದರೂ ಕೆಮ್ಮಿದಳು, ಅಭ್ಯಾಸ.
ನಾಲ್ಕನೇ ಗೇಟಿಗೆ ಸಹಿ ಬಿತ್ತು.

ಈಗ ಬಿಡಿಭಾಗಗಳ ಪಟ್ಟಿಯಲ್ಲಿ ಅರವತ್ತೊಂದನೆಯದು:
ಹಳೆ ಉಸುಕು, ಒಂದು ಡಬ್ಬಿ.
ಪೂರೈಕೆದಾರರು: ಶಂಶಾದ್‌ಬಿ.
ದರ ಏನೆಂದು ಕೇಳಿದ್ದಕ್ಕೆ ನಕ್ಕು ಒಳಗೆ ಹೋದಳು.
ಆ ಕಾಲಂ ಖಾಲಿ ಇದೆ,
ಐದನೇ ಗೇಟು ಅಲ್ಲೇ ಸಿಕ್ಕಿಕೊಂಡಿದೆ.