ಅಳತೆಗೆ ಒಂದು ರೂಪಾಯಿ

ಕೊನೆಯ ಹೆಸರು ಕೊಡದೆ ಮುಂದಕ್ಕೆ ಬಿಡುವುದಿಲ್ಲ ಎಂದಿತು
ಫೋನಿನೊಳಗಿನ ಫಾರಂ.
ನನಗಿರುವುದು ಒಂದೇ ಹೆಸರು, ಕೆಂಚಮ್ಮ.
ಮುಂದೆ ಎರಡು ಇನಿಷಿಯಲ್ಲು, ಊರಿನದೊಂದು ಅಪ್ಪನದೊಂದು.
ಅಪ್ಪನನ್ನು ಅಲ್ಲಿ ನಿಲ್ಲಿಸಲು ಮನಸ್ಸಾಗದೆ
ಊರನ್ನೇ ತಂದು ಕೊನೆಗೆ ಕೂರಿಸಿದೆ.
ಅಂದಿನಿಂದ ನಾರ್ವೆಯವರಿಗೆ ನಾನು ಡಾಕ್ಟರ್ ಮಗ್ಗೆ.
ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು
'ಆಲೂರು, ಮಗ್ಗೆ, ಮಗ್ಗೆ' ಎಂದು ಕೂಗಿದರೆ
ಒಂದು ಗಳಿಗೆ ತಲೆ ಎತ್ತುತ್ತೇನೆ,
ಯಾವುದೋ ಸೆಮಿನಾರಿಗೆ ಕರೆದಂತೆ.

ಫೋಟೋ ಬೇಕಲ್ಲ. ಸಾಲಗಾಮೆ ರಸ್ತೆಯ ಸ್ಟುಡಿಯೋದವ
ನೀಲಿ ಪರದೆ ಇಳಿಸಿ, ಗಲ್ಲ ಎತ್ತಿಸಿ,
ಕೇಳದೆಯೇ ಕೆನ್ನೆಯ ಬಂಗು ಅಳಿಸಿಕೊಟ್ಟ.
ಇಪ್ಪತ್ತು ರೂಪಾಯಿ ಹೆಚ್ಚಿಗೆ.

ನನ್ನ ಕೆಲಸ ಕಲ್ಲುಹೂವು.
ಮಸಾಲೆ ಅಂಗಡಿಯಲ್ಲಿ ಸಿಗುತ್ತಲ್ಲ, ಅದರ ದಾಯಾದಿಗಳು,
ಕಲ್ಲಿಗೆ ಹತ್ತಿದ ಬಂಗು.
ನೋಡಲು ಒಂದು ಜೀವ, ಒಳಗೆ ಎರಡು:
ಒಂದು ಬೂಷ್ಟು, ಒಂದು ಪಾಚಿ.
ಒಬ್ಬರು ಮನೆ ಕಟ್ಟುತ್ತಾರೆ, ಒಬ್ಬರು ಅಡುಗೆ ಮಾಡುತ್ತಾರೆ,
ಹೆಸರು ಮಾತ್ರ ಮನೆ ಕಟ್ಟಿದವರದು.
ವರ್ಷಕ್ಕೆ ಅರ್ಧ ಮಿಲಿಮೀಟರು ಬೆಳೆದರೆ ಹೆಚ್ಚು.

'ವಾರಕ್ಕೆ ಮೂರಾದರೂ ಹಾಕ್ಬೇಕು ಮೇಡಂ'
ಎಂದವಳು ಸಫೂರಾ, ಬಿ.ಎಸ್ಸಿ. ಕೊನೆಯ ವರ್ಷ.
'ಸಂಜೆ ಏಳರ ಮೇಲೆ. ಮೊದಲನೇ ಸಾಲಲ್ಲೇ ಹಿಡೀಬೇಕು.'
ಅತಿಥಿ ಉಪನ್ಯಾಸಕಿಯ ಗುರುತಿನ ಚೀಟಿಗೆ
ಮಾರ್ಚಿಗೆ ಆಯುಸ್ಸು ಮುಗಿಯುತ್ತದೆ.
ಇಲ್ಲಿ ಹಾಗಲ್ಲ ಬಿಡು ಅನ್ನಿಸಿತು,
ಏಪ್ರಿಲ್‌ನಲ್ಲೂ ನಾನು ನಾನೇ.
ಹಾಕಿದೆ. ಪಕ್ಕಕ್ಕೊಂದು ರೂಪಾಯಿ ನಾಣ್ಯ ಇಟ್ಟು, ಅಳತೆಗೆ.
ವರ್ಷಕ್ಕೆ ಅರ್ಧ ಮಿಲಿಮೀಟರಿನದನ್ನು
ವಾರಕ್ಕೆ ಮೂರು ಸಲ.

ಗೈಡು ನೋಡಿದರು, ಲೈಕು ಒತ್ತಲಿಲ್ಲ.
ಜೀರಿಗೆ ವ್ಯಾಪಾರಿಯೊಬ್ಬರು ಕೆಜಿಗೆ ಎಷ್ಟು ಎಂದರು.
ನಾರ್ವೆಯ ಒಬ್ಬಾಕೆ ನಡುರಾತ್ರಿ ಬರೆದಳು:
ಆ ಮೋರಿಕಟ್ಟೆಯ ಕಿತ್ತಳೆ ಚಕ್ರದ ಅಂಚು ಇನ್ನೊಮ್ಮೆ ತೋರಿಸುತ್ತೀರಾ?

ಆಲೂರು ದಾರಿಯ ಹಳೆ ಮೋರಿ ಅದು,
ಕಟ್ಟೆಯ ಮೇಲೆ ೧೯೩೧ ಎಂದು ಕೆತ್ತಿದೆ.
ಕಲ್ಲು ಕೂತ ವರ್ಷ ಗೊತ್ತಿದ್ದರೆ
ಹೂವಿನ ವಯಸ್ಸು ಎಣಿಸಬಹುದು.
ಬರೆದೆ, ಹತ್ತು ತುಂಡುಗಳಲ್ಲಿ. ಜಾಗದ ಗುರುತೂ ಹಾಕಿದೆ,
ಪ್ರೀತಿಗೆ, ಸ್ವಲ್ಪ ಜಂಬಕ್ಕೆ.
ಹನ್ನೊಂದು ಸಾವಿರ ಜನ ನೋಡಿದರು.
ನನ್ನ ಮಹಾಪ್ರಬಂಧ ಓದಿದವರು ಮೂವರು,
ಅದರಲ್ಲಿ ಇಬ್ಬರಿಗೆ ವಿಶ್ವವಿದ್ಯಾಲಯ ಸಂಭಾವನೆ ಕೊಟ್ಟಿತ್ತು.

ಮುಂದಿನ ಅಳತೆಗೆ ಹೋದಾಗ
ದೂರದಿಂದಲೇ ಹೊಳೆಯಿತು ಮೋರಿ.
ತಂತಿ ಬ್ರಷ್ಷಿನಲ್ಲಿ ಉಜ್ಜಿ, ಆಸಿಡ್ಡು ಹಾಕಿ ತೊಳೆದು
ಎರಡು ಕೋಟು ಆಯಿಲ್ ಪೇಂಟು. ಹಳದಿ.
ಮೇಲೆ ಕೆಂಪಕ್ಷರದಲ್ಲಿ: ವಿಶ್ವವಿಖ್ಯಾತ ಕಲ್ಲು.
'ನೀವು ಬರ್ತೀರಾಂತ ಗಲೀಜೆಲ್ಲ ತೆಗೆಸಿದ್ವಿ'
ಎಂದ ಯುವಕ ಸಂಘದ ಧರಣೇಶ.
ಕೈಯಲ್ಲಿನ್ನೂ ಟರ್ಪೆಂಟೈನಿನ ವಾಸನೆ,
ಅದೇ ಕೈಯಿಂದ ಎಳನೀರು ಕೊಚ್ಚಿ ಕೊಟ್ಟ.
ತೊಂಬತ್ತು ವರ್ಷ, ಎಂದು ಶುರುಮಾಡಿದೆ.
'ಹೂಂ ಮೇಡಂ, ತೊಂಬತ್ತು ವರ್ಷದಿಂದ
ಒಬ್ರೂ ತೊಳೆದಿರ್ಲಿಲ್ಲ ನೋಡಿ.'
ಎಳನೀರು ಕುಡಿದೆ.

ಆ ರಾತ್ರಿ ಮೂರು ಸಲ ಬರೆದು ಅಳಿಸಿದೆ.
ತಪ್ಪು ಅವರದೆಂದರೆ ಸುಳ್ಳು. ನನ್ನದೆಂದರೆ,
ಆ ಮೊದಲ ಸಾಲು ಚೆನ್ನಾಗಿ ಹಿಡಿಯುತ್ತದೆಂದು
ಬೆರಳಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ಅಷ್ಟರಲ್ಲಿ ಧರಣೇಶ ಹಾಕಿದ್ದ:
ಹಳದಿ ಮೋರಿ, ಪಕ್ಕದಲ್ಲಿ ನಾನು, ಎಳನೀರಿನ ಬುರುಡೆ,
ಬಿಸಿಲಿಗೆ ಎದ್ದು ಕಾಣುವ ಬಂಗು.
'ನಮ್ಮ ಕೆಂಚಮ್ಮ ಮೇಡಂ, ಕಲ್ಲಿನ ಡಾಕ್ಟ್ರು.'
ಕೊನೆಯ ಹೆಸರಿಲ್ಲ.

ಹೊರಡುವ ಮುಂಚೆ ಮೋರಿಯ ಕೆಳಗೆ ಬಗ್ಗಿದ್ದೆ.
ಬ್ರಷ್ಷು ನುಗ್ಗದ ಸಂದಿನಲ್ಲಿ
ರಾಗಿ ಕಾಳಿನಷ್ಟು ಕಿತ್ತಳೆ ಉಳಿದಿತ್ತು.
ಅಭ್ಯಾಸಕ್ಕೆ ನಾಣ್ಯ ತೆಗೆದು ಪಕ್ಕಕ್ಕೆ ಹಿಡಿದೆ.
ರೂಪಾಯಿ ತೀರ ದೊಡ್ಡದಾಯಿತು,
ವಾಪಸು ಪರ್ಸಿಗೆ ಹಾಕಿಕೊಂಡೆ.