ಎರಡು ಬೆರಳು

ಮಾವೊ ದಾಟಿ, ಮರಳಲ್ಲಿ ಮೂರು ಸಲ ಹೂತು
ಗಾಡಿ ಈ ದಿಬ್ಬ ಹತ್ತುವ ಹೊತ್ತಿಗೆ
ಅಳತೆಯ ಹಲಗೆ ಕಾದ ಹೆಂಚು.
ನೆರಳಿಗೆ ಒರಗಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ,
ಮಕ್ಕಳ ಬೆನ್ನು ತಾಗುವ ಜಾಗ.

ಹದಿನಾಲ್ಕನೆಯ ಮನೆ. ತಾಯಿ ಯಾಗಾನಾ.
ಮಗಳು ಕೆಲ್ಲು.
ವಯಸ್ಸು?
ಇಲ್ಲಿ ತಿಂಗಳ ಲೆಕ್ಕ ಇಟ್ಟವರು ಯಾರು!
ಬುಕಾರ್ ಚೀಲದಿಂದ ಇನ್ನೊಂದು ಕ್ಯಾಲೆಂಡರ್ ತೆಗೆದ,
ಊರ ಹಿರಿಯರ ಮುಂದೆ ಕೂತು ನಾವೇ ಬರೆದದ್ದು:
ಮಿಡತೆ ಬಂದು ಬರೀ ದಂಟು ಉಳಿಸಿದ್ದು,
ಚೌಳುಪ್ಪಿನ ಲಾರಿ ಮಗುಚಿದ್ದು,
ದೊಡ್ಡ ಬಾವಿ ಕುಸಿದದ್ದು.
"ಲಾರಿ ಮಗುಚಿತಲ್ಲ, ಆಗ ನಾನು ಬಸುರಿ.
ಬಾವಿ ಕುಸಿದಾಗ ಇವಳು ಬೆನ್ನ ಮೇಲಿದ್ದಳು.
ಕುರಿ ಹಬ್ಬಕ್ಕೆ ಮುಂಚೆಯೊ, ಆಮೇಲೊ...
ಮಾಂಸ ಬೇಯುವ ವಾಸನೆ ನೆನಪಿದೆ,
ಎದ್ದು ಹೋದ ನೆನಪಿಲ್ಲ.
ಹಾಗಾದರೆ ಬಾಣಂತಿಯೇ ಇರಬೇಕು."
ಮೂವತ್ತೊಂದು ತಿಂಗಳು, ಬುಕಾರ್ ಬರೆದ.

ಕೆಲ್ಲು ಹಲಗೆಗೆ ಬೆನ್ನು ಕೊಟ್ಟು ನಿಂತಳು. ಅಳಲಿಲ್ಲ.
ಹಿಮ್ಮಡಿ ಹಿಡಿದೆ, ಮೊಣಕಾಲು ಒತ್ತಿದೆ,
ಬುಕಾರ್ ಮೇಲಿನ ಪಟ್ಟಿ ಇಳಿಸಿದ.
ಅದು ನಿಂತದ್ದು ಜಡೆಯ ಮೇಲೆ.
ನಡುನೆತ್ತಿಯಲ್ಲಿ ಕಿರೀಟದ ಹಾಗೆ ಸುತ್ತಿದ ಹೊಸ ಜಡೆ,
ಇನ್ನೂ ಎಣ್ಣೆ ಆರಿಲ್ಲ,
ತುದಿಗೆ ಎರಡು ಕೆಂಪು ಮಣಿ.

ಬಿಚ್ಚಬೇಕು, ಎಂದೆ, ಕಡ್ಡಿ ಮುರಿದ ಹಾಗೆ.
"ನಿನ್ನೆ ಇಡೀ ಮಧ್ಯಾಹ್ನ ಹೆಣೆದೆ," ಎಂದಳು ಯಾಗಾನಾ,
"ನೀವು ಬರುತ್ತೀರಿ ಅಂತ."
ಆಮೇಲೆ ಮೆಲ್ಲಗೆ:
"ಅದೂ ಅವಳದೇ ಕೂದಲು ತಾನೆ?
ಇರಲಿ ಬಿಡಿ, ಎರಡು ಬೆರಳು."

ನಾನು ಸುಮ್ಮನಿದ್ದೆ. ನಿಯಮಕ್ಕೆ ಬಾಯಿ ಬೇಕಿಲ್ಲ.
ಅವಳೇ ಬಿಚ್ಚಿದಳು,
ಮಣಿಗಳನ್ನು ಹಲ್ಲಲ್ಲಿ ಕಚ್ಚಿಕೊಂಡು.
ಪಟ್ಟಿ ಇಳಿಯಿತು, ನೆತ್ತಿ ತಾಗಿತು.
ಎಂಬತ್ತಮೂರು ಪಾಯಿಂಟ್ ಒಂದು.
ಜಡೆಯೊಂದಿಗೆ ಅವಳು ಗೆರೆಯ ಮೇಲಿದ್ದಳು.
ಈಗ ಕೆಳಗೆ.

ತೋಳಿಗೆ ಬಣ್ಣದ ಪಟ್ಟಿ ಸುತ್ತಿದೆ: ಹಸಿರು.
ಶೇಂಗಾ ಹಿಟ್ಟಿನ ಪೊಟ್ಟಣ ಸೊರಗಿದವರಿಗೆ,
ಹಸಿರಿಗಿಲ್ಲ.
ಗಿಡ್ಡಾಗಿ ಉಳಿದದ್ದಕ್ಕೆ
ನಮ್ಮ ಹಾಳೆಯಲ್ಲೊಂದು ಕಾಲಂ ಇದೆ,
ಗಾಡಿಯಲ್ಲಿ ಏನೂ ಇಲ್ಲ.
ಇದನ್ನು ಅವಳ ಮಾತಿನಲ್ಲಿ ಹೇಳಲು
ಬುಕಾರ್ ಎರಡು ಸಲ ಶುರು ಮಾಡಿದ.

ಅವಳು ಮಣಿಗಳನ್ನು ಅಂಗೈಗೆ ಉಗುಳಿಕೊಂಡು ಕೇಳಿದಳು:
"ಬರೆದಿರಲ್ಲ, ಅದು ಎಲ್ಲಿಗೆ ಹೋಗುತ್ತೆ?"
ಎನ್ಜಮೇನಾಕ್ಕೆ, ಎಂದೆ. ಅಲ್ಲಿಂದ ಕಡಲಾಚೆ.
ಎಲ್ಲ ದೇಶದ ಮಕ್ಕಳ ಅಳತೆ ಒಂದೇ ಕಡೆ ಸೇರುತ್ತೆ.
"ಓಹೋ," ಎಂದಳು,
"ಹಾಗಾದರೆ ಇವಳಿಗಿಂತ ಮೊದಲು
ಇವಳ ಗಿಡ್ಡತನ ಪೇಟೆ ನೋಡುತ್ತೆ."

ನಗಬೇಕಿತ್ತೊ ಏನೊ, ತಿಳಿಯಲಿಲ್ಲ.
ಹದಿನೈದನೆಯ ಮನೆಯಿಂದ ಯಾರೋ ಕೂಗಿದರು.
ಕೆಲ್ಲು ತಾಯಿಯ ಎರಡು ಕಾಲ ನಡುವೆ ಕೂತು
ತಲೆ ಬಾಗಿಸಿದ್ದಳು, ಕೂದಲು ಮತ್ತೆ ಮೂರು ಎಳೆ.
ಒಂದು ಕೈ ಸಾಲದಾಗಿತ್ತು ಯಾಗಾನಾಗೆ.
ಕೊಡಿ, ಹಿಡಿದುಕೊಳ್ಳುತ್ತೇನೆ ಎಂದು
ಮಣಿಗಳಿಗೆ ಕೈ ಚಾಚಿದೆ.

ಅವಳು ಅವನ್ನು ಮತ್ತೆ ಬಾಯಿಗೆ ಹಾಕಿಕೊಂಡಳು.